ಬೆಂಗಳೂರಿನ ಬಯಲುಗಳು: ಕೆರೆಯಂಗಳದ ಪೂರ್ವವೃತ್ತಾಂತ ಮತ್ತು ಇಂದಿನ ನಗರಜೀವನ

ಬೆಂಗಳೂರಿನ ಹಲಸೂರಿಗೂ ಅದೇ ಊರಿನ ಹಲಸೂರು ಗೇಟ್ ಪೊಲೀಸ್ ಠಾಣೆಗೂ ನಡುವೆ ಕೆಲವು ಕಿಲೋಮೀಟರುಗಳ ಅಂತರವಿದೆ. ನಗರಕ್ಕೆ ಹೊಸಬರಾದವರು ಇದನ್ನು ಕಂಡು ಬೆರಗಾಗುವುದುಂಟು. ಠಾಣೆಗೆ ಆ ಹೆಸರು ಬಂದುದು ಅದು ಹಲಸೂರಿನಲ್ಲಿರುವುದರಿಂದಲ್ಲ. ಹಲಸೂರಿನ ದಾರಿಗೆ ತೆರೆದುಕೊಂಡಿದ್ದ ಪೇಟೆಯ ಹೆಬ್ಬಾಗಿಲು ಹಿಂದೆ ಆ ಎಡೆಯಲ್ಲಿತ್ತಾದ್ದರಿಂದ. ಬಾಗಿಲು ಹೋಯಿತು, ಬಾಗಿಲನ್ನು ಹೊತ್ತಿದ್ದ ಗೋಡೆಯೂ ಹೋಯಿತು, ಹೆಸರು ನಿಂತಿತು. ಹೆಸರು ಮಾತ್ರವೇ ನಿಂತಿದ್ದರೆ ಈ ವಿಷಯವನ್ನು ಸ್ಥಳನಾಮಗಳ ವಿದ್ವಾಂಸರಿಗೆ ಬಿಟ್ಟುಕೊಡಬಹುದಾಗಿತ್ತು. ಆದರೆ ಹಳೆಯ ನಗರದ ವಿನ್ಯಾಸವು ಹೆಸರುಗಳಲ್ಲಿ ಮಾತ್ರವಲ್ಲದೆ ಜನರ ನಡೆವಳಿಕೆಯಲ್ಲಿಯೂ ಉಳಿದುಬಂದಿದೆ. ಜನ ಎಲ್ಲಿ ಕೂಡುತ್ತಾರೆ, ಎಲ್ಲಿ ಕೂಡಲಾರರು, ಯಾವ ಬಯಲಿನಲ್ಲಿ ತಮ್ಮ ಹಕ್ಕಿನಿಂದ ನಿಲ್ಲುತ್ತಾರೆ, ಯಾವ ಬಯಲಿನಲ್ಲಿ ಅನುಮತಿ ಬೇಡಿ ನಿಲ್ಲುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಇಂದಿನ ನಗರಯೋಜನೆಯ ನಕ್ಷೆಗಳಲ್ಲಿ ಹುಡುಕುವುದಕ್ಕಿಂತ ಆ ಬಯಲುಗಳ ಪೂರ್ವಚರಿತ್ರೆಯಲ್ಲಿ ಹುಡುಕುವುದು ಮೇಲು. ಪ್ರಕೃತ ಲೇಖನದಲ್ಲಿ ನಾವು ಮಾಡಲೆಳಸುವುದು ಇಷ್ಟನ್ನೇ.

ಮೊದಲು ಒಂದು ಶಬ್ದದ ವಿಚಾರ. ‘ಸಾರ್ವಜನಿಕ’ ಎಂಬ ಮಾತನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತ ಬಂದಿದ್ದೇವೆ. ಸರ್ಕಾರದ ಇಲ್ಲವೆ ನಗರಸಭೆಯ ಸ್ವತ್ತಾಗಿರುವುದು ಎಂಬುದು ಒಂದು ಅರ್ಥ. ಯಾರು ಬೇಕಾದರೂ ಬಂದು ಬಳಸಬಹುದಾದದ್ದು ಎಂಬುದು ಇನ್ನೊಂದು. ಎರಡೂ ಒಂದೇ ಎಂದು ಭಾವಿಸುವುದು ಲೋಕರೂಢಿ. ಬೆಂಗಳೂರಿನ ಬಯಲುಗಳ ಇತಿಹಾಸವಾದರೋ ಇವೆರಡೂ ಬೇರೆಬೇರೆಯಾಗುತ್ತ ಬಂದ ಇತಿಹಾಸ. ನಮ್ಮ ಹಳ್ಳಿಗಳ ಭಾಷೆಯಲ್ಲಿ ಈ ತೊಡಕು ಇರಲಿಲ್ಲ. ಅಲ್ಲಿ ಗೋಮಾಳವಿತ್ತು, ಗುಂಡುತೋಪಿತ್ತು, ಅರಳಿಯ ಕಟ್ಟೆಯಿತ್ತು, ಕೆರೆಯಂಗಳವಿತ್ತು. ಆಯಾ ಹೆಸರಿನಲ್ಲಿಯೇ ಆಯಾ ಸ್ಥಳದ ಬಳಕೆಯೂ ಬಳಸುವವರ ಹಕ್ಕೂ ಅಡಗಿದ್ದುವು. ಕೆರೆಯ ನೀರು ನಿಲ್ಲುವ ಎಡೆಯನ್ನು ನಮ್ಮ ಜನ ‘ಅಂಗಳ’ವೆಂದು ಕರೆದರೆಂಬುದು ಗಮನಿಸತಕ್ಕ ಸಂಗತಿ. ಮನೆಯ ಮುಂದಣ ಅಂಗಳ ಮನೆಯವರದಾದಂತೆ ಕೆರೆಯ ಅಂಗಳ ಊರವರದು; ನೀರಿದ್ದಾಗ ಅದು ನೀರಿನದು, ಬತ್ತಿದಾಗ ದನಕರುಗಳದು, ಹುಲ್ಲು ಕೊಯ್ಯುವವರದು, ಗೋಡು ತೆಗೆಯುವವರದು, ಇಟ್ಟಿಗೆ ಕೊಯ್ಯುವವರದು.

ಬೆಂಗಳೂರಿಗೆ ನದಿಯಿಲ್ಲ. ನಗರವಿರುವುದು ಎತ್ತರವಾದ ನೆಲದ ಬೆನ್ನಿನ ಮೇಲೆ. ಅಲ್ಲಿ ಸುರಿದ ಮಳೆಯ ಒಂದು ಪಾಲು ಪಶ್ಚಿಮಕ್ಕೆ ವೃಷಭಾವತಿಯ ಕಣಿವೆಗೆ ಇಳಿದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ; ಇನ್ನೊಂದು ಪಾಲು ಪೂರ್ವಕ್ಕೂ ಆಗ್ನೇಯಕ್ಕೂ ಹರಿದು ದಕ್ಷಿಣ ಪಿನಾಕಿನಿಯ ಕಡೆಗೆ ಸಾಗುತ್ತದೆ. ಇಂತಹ ನೆಲದಲ್ಲಿ ಊರು ಕಟ್ಟಬೇಕಾದರೆ ಮೊದಲು ಕೆರೆ ಕಟ್ಟಬೇಕು. ಕ್ರಿ. ಶ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ಮಣ್ಣಿನ ಕೋಟೆಯೊಳಗೆ ಚಿಕ್ಕಪೇಟೆ, ದೊಡ್ಡಪೇಟೆಗಳ ಬೀದಿಗಳು ಒಂದನ್ನೊಂದು ಅಡ್ಡಹಾಯುತ್ತಿದ್ದುವು. ಅವುಗಳ ಸುತ್ತ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ ಎಂದು ಕಸುಬಿಗೊಂದು ಪೇಟೆ ಬೆಳೆಯಿತು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮೊದಲಾದ ಕೆರೆಗಳು ಇದ್ದುದು ಗೋಡೆಯ ಹೊರಗೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಪೇಟೆಯೊಳಗೆ ಬೀದಿಗಳು ಇಕ್ಕಟ್ಟು, ಮನೆಗೆ ಮನೆ ತಾಗಿದಂತೆ. ಅಲ್ಲಿ ಸಂತೆಯೂ ಉತ್ಸವವೂ ನಡೆಯುವುದು ಬೀದಿಯಲ್ಲಿಯೇ. ವಿಶಾಲವಾದ ಬಯಲೆಂಬುದು ಇದ್ದರೆ ಅದು ಗೋಡೆ, ಕಂದಕ, ಮುಳ್ಳುಬೇಲಿಗಳ ಆಚೆ, ಕೆರೆಯ ದಂಡೆಯಲ್ಲಿ.

1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರನ್ನು ಹಿಡಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಶ್ರೀರಂಗಪಟ್ಟಣದ ಹವೆ ಸೈನಿಕರ ಆರೋಗ್ಯಕ್ಕೆ ಒಗ್ಗದೆಹೋದುದರಿಂದ ಬ್ರಿಟಿಷರು 1809ರಲ್ಲಿ ತಮ್ಮ ದಂಡನ್ನು ಬೆಂಗಳೂರಿಗೆ ತಂದು, ಪೇಟೆಯಿಂದ ದೂರವಾಗಿ, ಪೂರ್ವದ ಎತ್ತರದ ನೆಲದಲ್ಲಿ ದಂಡುಪ್ರದೇಶವನ್ನು ಸ್ಥಾಪಿಸಿದರು. ಪೇಟೆ ಬೀದಿಯ ಸುತ್ತ ಬೆಳೆದ ಊರಾದರೆ ದಂಡು ಕವಾಯತು ಮೈದಾನದ ಸುತ್ತ ಬೆಳೆದ ಊರು. ಇಂದಿನ ಮಹಾತ್ಮಾ ಗಾಂಧಿ ರಸ್ತೆ ಆ ಮೈದಾನದ ದಕ್ಷಿಣದ ಅಂಚು. ಅದರ ಹಿಂದಿನ ಹೆಸರು ಸೌತ್ ಪೆರೇಡ್. ಮೈದಾನವು ವಿಶಾಲವಾಗಿತ್ತು, ಬೇಲಿಯಿರಲಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೂ ಅದು ಊರವರ ಬಯಲಾಗಿರಲಿಲ್ಲ. ನೋಡುವುದಕ್ಕೆ ಎಲ್ಲರಿಗೂ ತೆರೆದಿದ್ದ, ಬಳಸುವುದಕ್ಕೆ ಅಪ್ಪಣೆ ಬೇಕಾಗಿದ್ದ ಹೊಸ ಬಗೆಯ ಬಯಲು ಅದು. ಬೆಂಗಳೂರಿಗೆ ಅಂತಹ ಬಯಲಿನ ಮೊದಲ ಪರಿಚಯವಾದುದು ಅಲ್ಲಿಯೇ ಎಂದು ನಾವು ಭಾವಿಸುತ್ತೇವೆ. ಆ ಮೈದಾನದ ಒಂದು ಭಾಗ ಮಾಣೆಕ್ ಷಾ ಅವರ ಹೆಸರಿನಲ್ಲಿ ಇಂದಿಗೂ ಸೈನ್ಯದ ವಶದಲ್ಲಿದೆ. ಗಣರಾಜ್ಯೋತ್ಸವದ ಕವಾಯತು ಅಲ್ಲಿ ನಡೆಯುತ್ತದೆ. ಆ ದಿನ ಜನ ಹೋಗುತ್ತಾರೆ, ನೋಡುತ್ತಾರೆ, ಹಿಂತಿರುಗುತ್ತಾರೆ.

1862ರಲ್ಲಿ ಪೇಟೆಗೂ ದಂಡಿಗೂ ಬೇರೆಬೇರೆ ಪುರಸಭೆಗಳಾದುವು. 1881ರಲ್ಲಿ ಮೈಸೂರು ಸಂಸ್ಥಾನ ಮರಳಿ ಒಡೆಯರ ಕೈಗೆ ಬಂದಾಗಲೂ ದಂಡುಪ್ರದೇಶ ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ಎರಡೂ ಒಂದೇ ನಗರಸಭೆಯಾದುದು 1949ರಲ್ಲಿ. ಹೀಗೆ ಹೆಚ್ಚು ಕಡಿಮೆ ಒಂದೂವರೆ ಶತಮಾನದ ಕಾಲ ಒಂದೇ ಹೆಸರಿನ ಎರಡು ಊರುಗಳು ಅಕ್ಕಪಕ್ಕದಲ್ಲಿ ಬದುಕಿದುವು. ನಡುವೆ ಇದ್ದುದು ಬಯಲು. 1870ರಲ್ಲಿ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯ ಕಾಲದಲ್ಲಿ ಆ ನಡುವಣ ನೆಲದಲ್ಲಿ ಉದ್ಯಾನವೊಂದನ್ನು ರಚಿಸಲಾಯಿತು. ಅದು ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್, 1927ರಿಂದ ಕಾಗದಪತ್ರಗಳಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ. ಜನರ ಬಾಯಲ್ಲಿ ನಡುವಣ ಹೆಸರೊಂದೇ ನಿಂತಿತು. ಉದ್ಯಾನದ ಮಗ್ಗುಲಲ್ಲಿಯೇ, ಪೇಟೆಯ ಕಡೆಗೆ ಬಾಗಿದಂತೆ, ಸಂಪಂಗಿ ಕೆರೆಯಿತ್ತು. ಈ ಕೆರೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಸಂಪಂಗಿ ಕೆರೆಯ ನೀರಿಗೆ ಹಕ್ಕುದಾರರು ಹಲವರು. ಕೆರೆಯ ಕೆಳಗಣ ತೋಟಗಳಲ್ಲಿ ತಿಗಳ ಜನಾಂಗದವರು (ವಹ್ನಿಕುಲ ಕ್ಷತ್ರಿಯರು) ಹೂವು, ಹಣ್ಣು, ಸೊಪ್ಪು, ತರಕಾರಿ ಬೆಳೆದು ಪೇಟೆಗೂ ದಂಡಿಗೂ ಒದಗಿಸುತ್ತಿದ್ದರು. ದಂಡಿನ ಜನವಸತಿಗೆ ಕುಡಿಯುವ ನೀರೂ ಇಲ್ಲಿಂದ ಹೋಗುತ್ತಿತ್ತು. ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ದನ ಮೇಯಿಸುವವರು, ಇಟ್ಟಿಗೆಯವರು ಇವರೆಲ್ಲರಿಗೂ ಅಲ್ಲಿ ಕಾಲಕ್ಕೆ ತಕ್ಕ ಪಾಲಿತ್ತು. ಇಷ್ಟು ಮಂದಿ ಒಂದೇ ಕೆರೆಯನ್ನು ಬಳಸುವಾಗ ಜಗಳವಿರಲಿಲ್ಲವೆಂದು ನಾವು ಹೇಳುತ್ತಿಲ್ಲ. ಹಳೆಯ ವ್ಯವಸ್ಥೆಯನ್ನು ಸತ್ಯಯುಗವೆಂದು ವರ್ಣಿಸುವ ಚಾಪಲ್ಯ ಈ ವಿಷಯದ ಬರೆಹಗಳಲ್ಲಿ ಆಗಾಗ ಕಾಣುತ್ತದೆ; ಅದು ಯುಕ್ತವಲ್ಲ. ಯಾರು ಯಾವ ಘಟ್ಟದಲ್ಲಿ ನೀರು ಮುಟ್ಟಬೇಕು, ಯಾರು ಮುಟ್ಟಬಾರದು ಎಂಬ ಕಟ್ಟುಪಾಡು ನಮ್ಮ ಕೆರೆಗಳಿಗೆ ಅಂಟಿಕೊಂಡೇ ಇದ್ದಿತು. ಆದರೆ ಜಗಳವಾಡುವುದಕ್ಕೂ ಒಂದು ನೆಲೆ ಬೇಕು. ಕೆರೆಯಲ್ಲಿ ಪಾಲಿದ್ದವನಿಗೆ ಆ ನೆಲೆ ಇತ್ತು.

1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಕೆರೆಗಳನ್ನು ಮಾತ್ರ ನಂಬಿ ನಗರ ಬಾಳಲಾರದೆಂಬುದು ಸ್ಪಷ್ಟವಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟದ ಜಲಾಶಯದಿಂದ ಕೊಳವೆಗಳ ಮೂಲಕ ನೀರು ತರುವ ಯೋಜನೆ ಸಿದ್ಧವಾಗಿ, 1896ರಲ್ಲಿ ಆ ನೀರು ನಗರವನ್ನು ತಲುಪಿತು. ಮುಂದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನೀರು ಬಂದಿತು. ಇದು ನಗರಕ್ಕೆ ಮಹೋಪಕಾರವೆಂಬುದರಲ್ಲಿ ಸಂದೇಹವಿಲ್ಲ. ಲಕ್ಷಾಂತರ ಹೆಂಗಸರ ತಲೆಯ ಮೇಲಣ ಕೊಡವನ್ನು ಅದು ಇಳಿಸಿತು. ಆದರೆ ಅದರ ಇನ್ನೊಂದು ಪರಿಣಾಮವನ್ನು ಆಗ ಯಾರೂ ಎಣಿಸಿದಂತೆ ತೋರುವುದಿಲ್ಲ. ಕುಡಿಯುವ ನೀರು ದೂರದಿಂದ ಬರತೊಡಗಿದ ಕೂಡಲೆ ಊರಿನ ಕೆರೆ ಅಧಿಕಾರಿಗಳ ದೃಷ್ಟಿಯಲ್ಲಿ ‘ಉಪಯೋಗವಿಲ್ಲದ್ದು’ ಆಯಿತು. ಉಪಯೋಗವಿಲ್ಲದ ಕೆರೆಯ ಕಾಲುವೆಗಳನ್ನು ಯಾರೂ ಎತ್ತಿಸರು. ಕಾಲುವೆ ಮುಚ್ಚಿದರೆ ಕೆರೆಗೆ ನೀರು ಬಾರದು. ನೀರು ಬಾರದ ಕೆರೆ ಸೊಳ್ಳೆಗಳ ತವರು. ಸೊಳ್ಳೆಗಳ ತವರನ್ನು ಬತ್ತಿಸುವುದು ಆರೋಗ್ಯದ ದೃಷ್ಟಿಯಿಂದ ಒಳ್ಳೆಯದು. ತರ್ಕದಲ್ಲಿ ಎಲ್ಲಿಯೂ ದೋಷವಿಲ್ಲ. ತೋಟಗಾರರು ಕೆರೆಯಲ್ಲಿ ನೀರು ನಿಲ್ಲಬೇಕೆಂದರು. ಕೆರೆಯ ಬತ್ತಿದ ಭಾಗದಲ್ಲಿ ಪೋಲೋ ಆಡುವವರಿಗೆ ನೀರು ನಿಲ್ಲದಿರುವುದೇ ಅನುಕೂಲವಾಗಿತ್ತು. 20ನೆಯ ಶತಮಾನದ ನಾಲ್ಕನೆಯ ದಶಕದ ಹೊತ್ತಿಗೆ ಕೆರೆ ಒಂದು ಸಣ್ಣ ಕುಂಟೆಯಾಗಿ ಕುಗ್ಗಿತು. ಉಳಿದ ಅಂಗಳ ಕಾಲಕ್ರಮದಲ್ಲಿ ಕಂಠೀರವ ಕ್ರೀಡಾಂಗಣವಾಯಿತು; 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಅದು ದೊಡ್ಡ ಕಟ್ಟಡವಾಗಿ ಬೆಳೆದು ನಿಂತಿತು.

ಇಲ್ಲಿ ನಡೆದುದನ್ನು ಒತ್ತುವರಿಯೆಂದು ಕರೆಯಲಾಗದು. ನೆಲ ಯಾವ ಖಾಸಗಿಯವರ ಪಾಲೂ ಆಗಲಿಲ್ಲ. ಸರ್ಕಾರದ್ದಾಗಿದ್ದು ಸರ್ಕಾರದ್ದಾಗಿಯೇ ಉಳಿಯಿತು. ‘ಸಾರ್ವಜನಿಕ’ದ ಮೊದಲ ಅರ್ಥದಲ್ಲಿ ಏನೂ ನಷ್ಟವಾಗಿಲ್ಲ. ಎರಡನೆಯ ಅರ್ಥದಲ್ಲಿ ನೋಡಿದರೆ, ಹತ್ತು ಬಗೆಯ ಹಕ್ಕುದಾರರಿದ್ದ ಎಡೆಯಲ್ಲಿ ಈಗ ಎರಡೇ ಬಗೆಯ ಜನರಿದ್ದಾರೆ, ಆಡುವವರು ಮತ್ತು ನೋಡುವವರು. ಇಬ್ಬರಿಗೂ ಬಾಗಿಲಲ್ಲಿ ಅನುಮತಿ ಬೇಕು. ಕೆರೆಗೆ ತೂಬಿತ್ತು, ಕೋಡಿಯಿತ್ತು, ಬಾಗಿಲಿರಲಿಲ್ಲ. ಅಕ್ಕಿತಿಮ್ಮನಹಳ್ಳಿಯ ಕೆರೆಯಲ್ಲಿ ಹಾಕಿ ಕ್ರೀಡಾಂಗಣ, ಶೂಲೆ ಕೆರೆಯಲ್ಲಿ ಫುಟ್‌ಬಾಲ್ ಕ್ರೀಡಾಂಗಣ, ಚಲ್ಲಘಟ್ಟದಲ್ಲಿ ಗಾಲ್ಫ್ ಮೈದಾನ, ಸಿದ್ದಿಕಟ್ಟೆಯ ಎಡೆಯಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಹೀಗೆ ಈ ಪಟ್ಟಿಯನ್ನು ಬೆಳೆಸಬಹುದು. ಇವುಗಳಲ್ಲಿ ಮಾರುಕಟ್ಟೆಯೊಂದೇ ಹಳೆಯ ಕೆರೆಯಂಗಳದ ಗುಣವನ್ನು ತಕ್ಕಮಟ್ಟಿಗೆ ಉಳಿಸಿಕೊಂಡಿದೆ. ಬೆಳಗಿನ ಜಾವ ಹೂವಿನ ರಾಶಿಗಳ ನಡುವೆ ನಿಂತವನನ್ನು ಇಲ್ಲಿಗೆ ಏಕೆ ಬಂದೆಯೆಂದು ಯಾರೂ ಕೇಳುವುದಿಲ್ಲ.

ಆದರೆ ಸಂಪಂಗಿ ಕೆರೆ ಪೂರ್ತಿಯಾಗಿ ಹೋಗಲಿಲ್ಲ. ಕ್ರೀಡಾಂಗಣದ ಮಗ್ಗುಲಲ್ಲಿ ಒಂದು ಕುಂಟೆಯನ್ನು ಬಿಡಲಾಗಿದೆ. ಬಿಟ್ಟುದು ನೀರಿಗಾಗಿಯಲ್ಲ, ಕರಗಕ್ಕಾಗಿ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ದ್ರೌಪದಿಯ ಕರಗ ಪೇಟೆಯ ಬೀದಿಗಳಲ್ಲಿ ಬೆಳಗಿನವರೆಗೆ ಸಂಚರಿಸುತ್ತದೆ. ಹೆಣ್ಣುಡುಗೆಯುಟ್ಟು ಕರಗ ಹೊತ್ತವರ ಸುತ್ತ ಕತ್ತಿ ಹಿಡಿದ ವೀರಕುಮಾರರು. ದಾರಿಯಲ್ಲಿ ಅರಳೆಪೇಟೆಯ ತವಕ್ಕಲ್ ಮಸ್ತಾನ್ ದರ್ಗಾದಲ್ಲಿ ಒಂದು ನಿಲುಗಡೆ. ಈ ಉತ್ಸವದ ವಿಧಿಗಳಿಗೆ ನೀರಿನ ದಂಡೆ ಬೇಕು. ಹಸಿ ಕರಗಕ್ಕೂ ಸಂಪಂಗಿ ಕೆರೆಯ ಅಂಗಳಕ್ಕೂ ಬಿಡದ ಸಂಬಂಧ. ತೋಟಗಾರರಾಗಿ ತಿಗಳರಿಗೆ ಕೆರೆಯ ನೀರಿನ ಮೇಲಿದ್ದ ಹಕ್ಕು ಅರ್ಜಿಗಳಲ್ಲಿ ಸೋತಿತು. ಆರಾಧಕರಾಗಿ ಅವರಿಗಿದ್ದ ಹಕ್ಕು ಗೆದ್ದು, ಒಂದು ಕುಂಟೆಯಷ್ಟು ಉಳಿಯಿತು. ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕರಗವನ್ನು ನಗರದ ನೆನಪಿನ ಒಂದು ರೂಪವಾಗಿ ಪರಿಶೀಲಿಸಿದ್ದಾರೆ. ನಾವು ಅದಕ್ಕೆ ಸೇರಿಸಬಯಸುವುದು ಇಷ್ಟು: ಈ ನೆನಪು ಭಾವನೆ ಮಾತ್ರವಲ್ಲ, ಅದು ಒಂದು ಬಗೆಯ ದಾಖಲೆ. ಕರಗ ಯಾವ ಬೀದಿಯಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು, ಯಾರ ಮನೆಯ ಮುಂದೆ ಪೂಜೆ ಎಂಬುದು ಲಿಖಿತವಾಗಿರಬೇಕಾಗಿಲ್ಲ. ವರ್ಷಕ್ಕೊಮ್ಮೆ ನಡೆದು ತೋರಿಸಿದರೆ ಸಾಕು.

ಧರ್ಮಾಂಬುಧಿಯ ಕಥೆ ಬೇರೆ. ಪೇಟೆಯ ವಾಯವ್ಯಕ್ಕೆ ಗೋಡೆಯಾಚೆ ಇದ್ದ ಈ ಕೆರೆ ಪೇಟೆಯವರಿಗೆ ನೀರು ಕೊಡುತ್ತಿತ್ತು; ಅದರ ಆಸುಪಾಸಿನಲ್ಲಿಯೇ ಊರದೇವತೆ ಅಣ್ಣಮ್ಮನ ಗುಡಿ. 19ನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ರೈಲುದಾರಿ ಬಂದಾಗ ನಿಲ್ದಾಣಕ್ಕೆ ಬೇಕಾದಷ್ಟು ನೆಲ ಇಕ್ಕಟ್ಟಾದ ಪೇಟೆಯೊಳಗೆ ಸಿಕ್ಕುವಂತಿರಲಿಲ್ಲ; ಕೆರೆಯಾಚೆಯ ಬಯಲಿನಲ್ಲಿ ಸಿಕ್ಕಿತು. ರೈಲು ನಿಲ್ದಾಣವಿದ್ದ ಕಡೆ ಛತ್ರಗಳು ಬಂದುವು. ಗುಬ್ಬಿ ತೋಟದಪ್ಪನವರ ಛತ್ರ ಅವುಗಳಲ್ಲಿ ಹೆಸರಾದದ್ದು. ಛತ್ರಗಳಿದ್ದ ಕಡೆ ಹೋಟೆಲುಗಳು, ಹೋಟೆಲುಗಳಿದ್ದ ಕಡೆ ಚಿತ್ರಮಂದಿರಗಳು. ಇಷ್ಟರಲ್ಲಿ ಕೆರೆಯೂ ಬತ್ತಿ ಅದರ ಅಂಗಳ ಸುಭಾಷ್ ನಗರವೆಂಬ ಮೈದಾನವಾಯಿತು. ಕೊನೆಗೆ 20ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯೇ ಕೆಂಪೇಗೌಡ ಬಸ್ ನಿಲ್ದಾಣ ನಿರ್ಮಾಣವಾಯಿತು. ಬಸ್ಸುಗಳಿದ್ದುದರಿಂದ ಮೆಟ್ರೊ ರೈಲಿನ ಎರಡು ಮಾರ್ಗಗಳು ಕೂಡುವ ನಿಲ್ದಾಣವೂ ಅದೇ ನೆಲದ ಅಡಿಗೆ ಬಂದಿತು. 2016 ಮತ್ತು 2017ರಲ್ಲಿ ಆ ಮಾರ್ಗಗಳು ಅಲ್ಲಿ ತೆರೆದುವು. ಒಂದು ಕೆರೆ ಗೋಡೆಯ ಹೊರಗಿದ್ದ ಕಾರಣದಿಂದ ಕರ್ನಾಟಕದ ಅರ್ಧ ಜನ ಬೆಂಗಳೂರಿಗೆ ಕಾಲಿಡುವ ಎಡೆ ನಿರ್ಣಯವಾಯಿತೆಂದರೆ ಉತ್ಪ್ರೇಕ್ಷೆಯೆನ್ನಿಸಬಹುದು. ಆದರೆ ಮೇಲಣ ಸರಪಳಿಯಲ್ಲಿ ಯಾವ ಕೊಂಡಿಯನ್ನು ತೆಗೆಯಬಹುದೆಂಬುದು ನಮಗೆ ಕಾಣದು.

ಜನ ಈ ಎಡೆಯನ್ನು ಮೆಜೆಸ್ಟಿಕ್ ಎನ್ನುತ್ತಾರೆ. ಈಗ ಇಲ್ಲದ ಒಂದು ಚಿತ್ರಮಂದಿರದ ಹೆಸರು ಅದು. ಕೆರೆಯ ಏರಿ ಮಾತ್ರ ಟ್ಯಾಂಕ್ ಬಂಡ್ ರಸ್ತೆಯೆಂಬ ಹೆಸರಿನಲ್ಲಿ ಉಳಿದಿದೆ. ಅದರ ಮೇಲೆ ನಡೆಯುವವರಲ್ಲಿ ತಾವು ಏರಿಯ ಮೇಲಿದ್ದೇವೆಂದು ಬಲ್ಲವರು ಕಡಮೆ. ಸಂಪಂಗಿಗೂ ಇದಕ್ಕೂ ಇರುವ ಭೇದವನ್ನು ನೋಡಬೇಕು. ಇಲ್ಲಿಯೂ ಕೆರೆ ಹೋಯಿತು, ಆದರೆ ಬಾಗಿಲು ಬರಲಿಲ್ಲ. ಕೆಲಸ ಹುಡುಕಿ ಬಂದವನು, ಆಸ್ಪತ್ರೆಗೆ ಬಂದ ಹಳ್ಳಿಯ ಸಂಸಾರ, ಕೊನೆಯ ಬಸ್ಸು ತಪ್ಪಿದವರು, ಇವರೆಲ್ಲ ಗಂಟುಮೂಟೆಯೊಡನೆ ರಾತ್ರಿ ಕಳೆಯಬಹುದಾದ ಎಡೆಗಳು ನಗರದಲ್ಲಿ ಎಷ್ಟಿವೆ? ಛತ್ರದ ಕಾಲದ ರೂಢಿ ಬಸ್ ನಿಲ್ದಾಣದ ಕಲ್ಲುಹಾಸಿನ ಮೇಲೆ ಮುಂದುವರಿದಿದೆ. ಅದು ಸೊಗಸಾದ ಸ್ಥಳವಲ್ಲ. ನಗರದ ಸೌಂದರ್ಯವನ್ನು ಕುರಿತು ಬರೆಯುವವರು ಅದನ್ನು ಹೆಸರಿಸುವುದಿಲ್ಲ. ಆದರೂ ನಮ್ಮ ಎರಡನೆಯ ಅರ್ಥದಲ್ಲಿ ಬೆಂಗಳೂರಿನ ಅತ್ಯಂತ ಸಾರ್ವಜನಿಕವಾದ ಬಯಲು ಯಾವುದೆಂದು ಕೇಳಿದರೆ ಉದ್ಯಾನಗಳನ್ನು ಬಿಟ್ಟು ನಾವು ಇದನ್ನೇ ತೋರಿಸುತ್ತೇವೆ.

1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳ ವಿಚಾರವನ್ನು ಇಲ್ಲಿ ಸಂಕ್ಷೇಪವಾಗಿ ಮುಟ್ಟಿದರೆ ಸಾಕು. ಪೇಟೆಯ ಇಕ್ಕಟ್ಟೇ ರೋಗಕ್ಕೆ ಕಾರಣವೆಂದು ಬಗೆದು ಈ ಬಡಾವಣೆಗಳಲ್ಲಿ ನೇರವಾದ ಅಗಲ ರಸ್ತೆಗಳನ್ನೂ ಉದ್ಯಾನಗಳನ್ನೂ ಇರಿಸಿದರು. ಇಲ್ಲಿ ಬಯಲೆಂಬುದು ಆರೋಗ್ಯದ ಸಾಧನ. ಗಾಳಿ ಬೆಳಕುಗಳಿಗಾಗಿ ಬಿಟ್ಟದ್ದು. ಅದರ ಹಕ್ಕುದಾರ ಬಡಾವಣೆಯ ನಿವಾಸಿ. ನಿಗದಿಯಾದ ವೇಳೆಗೆ ತೆರೆದು ಮುಚ್ಚುವ, ಮಲಗಬಾರದು, ಮಾರಬಾರದು, ಆಡಬಾರದು ಎಂಬ ಫಲಕಗಳಿರುವ ಇಂದಿನ ಬಡಾವಣೆಯ ಉದ್ಯಾನ ಈ ವಂಶದ್ದು. ಆದರೆ ಬಸವನಗುಡಿಯ ನೆಲಕ್ಕೆ ಬಡಾವಣೆಗಿಂತ ಹಳೆಯ ಒಡೆತನವೊಂದಿತ್ತು. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ ಸೇರಿದಾಗ ಆ ಅಗಲ ರಸ್ತೆ ರಸ್ತೆಯಾಗಿ ಉಳಿಯುವುದಿಲ್ಲ. ಸುಂಕೇನಹಳ್ಳಿಯ ಹೊಲವಾಗಿ ಮಾರ್ಪಡುತ್ತದೆ. ವಾಹನಗಳು ಬೇರೆ ದಾರಿ ಹಿಡಿಯುತ್ತವೆ, ನಿವಾಸಿಗಳು ಗೊಣಗುತ್ತಾರೆ, ಗೊಣಗುತ್ತಲೇ ಎರಡು ಸೇರು ಕಡಲೆಕಾಯಿ ಕೊಂಡು ಮನೆಗೆ ಹೋಗುತ್ತಾರೆ.

ಇನ್ನು ಸಭೆ ಮತ್ತು ಪ್ರತಿಭಟನೆಗಳ ವಿಚಾರ. ಜನ ತಮ್ಮ ಕಷ್ಟವನ್ನು ಆಳುವವರಿಗೆ ಹೇಳಿಕೊಳ್ಳುವ ಎಡೆ ಯಾವುದು? ಅದು ಸಾಮಾನ್ಯವಾಗಿ ಎರಡು ಊರುಗಳ ಗಡಿಯಲ್ಲಿ, ಪೇಟೆ ಮುಗಿದು ಕಚೇರಿಗಳು ಮೊದಲಾಗುವ ಅಂಚಿನಲ್ಲಿಯೇ ಬೆಳೆಯಿತು. ಮೈಸೂರು ಬ್ಯಾಂಕ್ ವೃತ್ತ, ಬನ್ನಪ್ಪ ಉದ್ಯಾನ, 1935ರಲ್ಲಿ ಸಿದ್ಧವಾದ ಪುಟ್ಟಣ್ಣಚೆಟ್ಟಿ ಪುರಭವನ ಇವೆಲ್ಲ ಆ ಅಂಚಿನವು. ಪುರಭವನದ ಒಳಗಣ ಸಭಾಂಗಣಕ್ಕೆ ಬಾಡಿಗೆ ಕೊಡಬೇಕು. ಹೊರಗಣ ಮೆಟ್ಟಿಲುಗಳಿಗೆ ಬಾಡಿಗೆಯಿಲ್ಲ. ಆದ್ದರಿಂದ ಬಹುಕಾಲ ನಗರದ ನಿಜವಾದ ಸಭಾಂಗಣವಾಗಿದ್ದುದು ಆ ಮೆಟ್ಟಿಲುಗಳೇ. 1956ರಲ್ಲಿ ವಿಧಾನಸೌಧ ಅಠಾರಾ ಕಚೇರಿಯ ಎದುರು ತಲೆಯೆತ್ತಿದಾಗ ಅದಕ್ಕೂ ಭವ್ಯವಾದ ಮೆಟ್ಟಿಲುಗಳನ್ನು ಕಟ್ಟಿದರು. ಆ ಮೆಟ್ಟಿಲುಗಳು ಜನಕ್ಕೆ ಒದಗಿದ್ದು ಹೆಚ್ಚಾಗಿ ದೂರದಿಂದ ನೋಡುವುದಕ್ಕೆ. 2021ರಲ್ಲಿ ಹೊರಟ ಆದೇಶದ ಪ್ರಕಾರ ನಗರದಲ್ಲಿ ಪ್ರತಿಭಟನೆಗಳಿಗೆ ಸ್ವಾತಂತ್ರ್ಯ ಉದ್ಯಾನವೊಂದನ್ನೇ ಗೊತ್ತುಮಾಡಲಾಯಿತು. ಈ ಉದ್ಯಾನ ಹಿಂದಿನ ಕೇಂದ್ರ ಕಾರಾಗೃಹ. 1975ರ ತುರ್ತುಪರಿಸ್ಥಿತಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಅಡ್ವಾಣಿ ಮೊದಲಾದವರು ಬಂಧಿತರಾಗಿದ್ದ ಎಡೆ. ಸಂಚಾರಕ್ಕೆ ಅಡ್ಡಿಯಾಗಬಾರದೆಂಬುದು ಆದೇಶದ ಹಿಂದಿನ ನ್ಯಾಯ, ಅದನ್ನು ತಳ್ಳಿಹಾಕುವಂತಿಲ್ಲ. ಆ್ಯಂಬುಲೆನ್ಸಿನಲ್ಲಿ ಮಲಗಿದವನಿಗೆ ಎಲ್ಲ ಮೆರವಣಿಗೆಯೂ ಒಂದೇ. ಆದರೆ ಪ್ರತಿಭಟನೆಯ ಗುರಿ ಮಾತಾಡುವುದು ಮಾತ್ರವಲ್ಲ, ಕೇಳಲು ಬಾರದವರ ಕಿವಿಗೂ ಬೀಳುವುದು. ಗೋಡೆಯೊಳಗೆ ಅದಕ್ಕೆ ಅವಕಾಶ ಕಡಮೆ. ಜಿಲ್ಲೆಗಳಿಂದ ಬರುವ ರೈತರೂ ಕಾರ್ಮಿಕರೂ ಇಂದಿಗೂ ರೈಲು ನಿಲ್ದಾಣದಲ್ಲಿಳಿದು, ಧರ್ಮಾಂಬುಧಿಯ ದಂಡೆಯಿಂದ ಹೊರಟು, ಆ ಉದ್ಯಾನದವರೆಗೆ ನಡೆಯುವುದುಂಟು. ನಗರ ಅವರನ್ನು ಕಾಣುವುದು ಆ ನಡಿಗೆಯಲ್ಲಿ.

ದೊಡ್ಡ ಜನಸಂದಣಿಗೆ ತನ್ನದೆಂಬ ಬಯಲು ಇಲ್ಲದಿರುವುದರ ಪರಿಣಾಮ ಕೆಲವೊಮ್ಮೆ ದಾರುಣವಾಗುತ್ತದೆ. 2025ರ ಜೂನ್ 4ರಂದು ಕ್ರಿಕೆಟ್ ವಿಜಯೋತ್ಸವವನ್ನು ನೋಡಲು ವಿಧಾನಸೌಧದ ಮುಂದೆಯೂ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಮುಂದೆಯೂ ಅಪಾರ ಜನ ಸೇರಿ, ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಹೊಣೆ ಯಾರದೆಂಬುದು ನ್ಯಾಯಸ್ಥಾನಗಳ ವಿಷಯ. ಅದರಲ್ಲಿ ನಾವು ಕೈಹಾಕುವುದಿಲ್ಲ. ನಗರದ ಚರಿತ್ರೆಯನ್ನು ಓದುವವರಿಗೆ ಕಾಣುವುದು ಬೇರೊಂದು ಸಂಗತಿ. ಆ ಜನ ಸೇರಿದ್ದು ಕವಾಯತು ಮೈದಾನ, ಉದ್ಯಾನ ಮತ್ತು ಕಚೇರಿಗಳ ನಡುವಣ ನೆಲದಲ್ಲಿ. ಸುತ್ತಲೂ ನೂರಾರು ಎಕರೆ ತೆರೆದ ಬಯಲು, ಅದೆಲ್ಲ ಬೇಲಿಯಾಚೆ. ಜನಕ್ಕೆ ನಿಲ್ಲಲು ದೊರೆತುದು ರಸ್ತೆ ಮತ್ತು ಬಾಗಿಲಿನ ಮುಂದಣ ಕಾಲುದಾರಿ. ಇದಕ್ಕೆ ಹೋಲಿಸಿದರೆ ಪೇಟೆಯ ಬೀದಿಗಳು ಬಹಳ ಇಕ್ಕಟ್ಟು. ಕರಗದ ರಾತ್ರಿ ಅಲ್ಲಿ ಸೇರುವ ಜನವೂ ಲೆಕ್ಕವಿಲ್ಲದಷ್ಟು. ಆದರೆ ಅಲ್ಲಿ ಉತ್ಸವ ಒಂದೆಡೆ ನಿಲ್ಲದೆ ಬೀದಿಯಿಂದ ಬೀದಿಗೆ ಸಾಗುತ್ತದೆ. ಯಾವ ಹೊತ್ತಿಗೆ ಎಲ್ಲಿಗೆ ಬರುವುದೆಂದು ಬೀದಿಯವರು ಬಲ್ಲರು. ಜಗುಲಿ, ಮಾಳಿಗೆ, ಅಂಗಡಿಯ ಮುಂಗಟ್ಟುಗಳು ಜನವನ್ನು ಹಂಚಿಕೊಳ್ಳುತ್ತವೆ. ಇದು ಪೊಲೀಸರ ಕೆಲಸವನ್ನು ಇಲ್ಲವಾಗಿಸುವುದಿಲ್ಲ, ಹಗುರಮಾಡುತ್ತದೆ. ದಂಡಿನ ಕಡೆಯ ಬಯಲುಗಳಲ್ಲಿ ಇಂತಹ ರೂಢಿ ಬೆಳೆಯಲಿಲ್ಲ. ನೋಡುವುದಕ್ಕೆ ಬಂದ ಜನ ಅಲ್ಲಿ ಯಾವಾಗಲೂ ಅಂಚಿನಲ್ಲಿ ನಿಂತವರೇ.

ಇದೆಲ್ಲ ಮುಗಿದ ಕಥೆಯೆಂದು ಭಾವಿಸತಕ್ಕದ್ದಲ್ಲ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯಾದಾಗ ಸುತ್ತಣ 110 ಹಳ್ಳಿಗಳು ನಗರಕ್ಕೆ ಸೇರಿದುವು. 2025ರಲ್ಲಿ ಆ ಪಾಲಿಕೆ ಹೋಗಿ ಐದು ನಗರಪಾಲಿಕೆಗಳೂ ಅವುಗಳ ಮೇಲೆ ಒಂದು ಪ್ರಾಧಿಕಾರವೂ ಬಂದುವು. ಈ ಹಳ್ಳಿಗಳ ಕಂದಾಯ ದಾಖಲೆಗಳನ್ನು ತೆರೆದರೆ ಗೋಮಾಳ, ಗುಂಡುತೋಪು, ಕೆರೆಯಂಗಳ, ರಾಜಕಾಲುವೆ, ಬಂಡಿದಾರಿ ಎಂಬ ಹೆಸರುಗಳು ಈಗಲೂ ಸಿಕ್ಕುತ್ತವೆ. ಸಾರ್ವಜನಿಕ ಬಳಕೆಗೆಂದು ಸಾಗುವಳಿಯಿಂದ ಹೊರಗಿಟ್ಟ ನೆಲಕ್ಕೆ ಕಂದಾಯದವರು ‘ಬಿ ಖರಾಬು’ ಎನ್ನುತ್ತಾರೆ. ಹೆಸರನ್ನು ನೋಡಿದರೆ ಕೆಟ್ಟ ನೆಲವೆಂದು ತೋರುತ್ತದೆ. ಊರಿನ ಪಾಲಿಗೆ ಅತ್ಯಂತ ಬೆಲೆಯುಳ್ಳ ನೆಲಕ್ಕೆ ಇಂತಹ ಹೆಸರು ಬಂದುದು, ಅದರಿಂದ ಕಂದಾಯ ಹುಟ್ಟುವುದಿಲ್ಲವೆಂಬ ಒಂದೇ ಕಾರಣಕ್ಕೆ.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾಗಿ ಈ 110 ಹಳ್ಳಿಗಳಿಗೆ ಕೊಳವೆಯ ನೀರು ಬರತೊಡಗಿತು. 1896ರಲ್ಲಿ ಪೇಟೆಗೂ ದಂಡಿಗೂ ಬಂದ ಸಂದರ್ಭ ಈಗ ಇವುಗಳಿಗೆ ಬಂದಿದೆ. ಅಂದು ಇಲ್ಲದ ಕಾನೂನುಗಳು ಇಂದು ಇವೆ. ಕೆರೆಯನ್ನು ಬತ್ತಿಸಿ ಕ್ರೀಡಾಂಗಣ ಕಟ್ಟುವುದು ಇನ್ನು ಸುಲಭವಲ್ಲ. ಹಲವು ಕೆರೆಗಳ ಹೂಳು ತೆಗೆದು, ಸುತ್ತ ಬೇಲಿ ಹಾಕಿ, ನಡೆಯುವವರಿಗೆ ದಾರಿ ಮಾಡಿ, ಬಾಗಿಲಿಗೆ ವೇಳೆಯ ಫಲಕ ತೂಗುಹಾಕಿದ್ದಾರೆ. ನೀರು ಉಳಿದಿದೆ, ಹಕ್ಕಿಗಳು ಬಂದಿವೆ. ಇದನ್ನು ಮೆಚ್ಚದಿರುವವರು ಯಾರು? ಬೆಳಗ್ಗೆ ಅಲ್ಲಿ ನಡೆಯಲು ಬರುವವರು ಹೊಸ ವಸತಿ ಸಮುಚ್ಚಯಗಳ ನಿವಾಸಿಗಳು. ಅದೇ ಕೆರೆಯ ದಂಡೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಹಸುವಿಗೆ ಮೇವನ್ನು ಈಗ ಬೇರೆ ಕಡೆ ಹುಡುಕುತ್ತಾಳೆ. ಬೇಲಿಯಲ್ಲಿ ಸಂದಿರುವಲ್ಲಿ, ಕಾವಲುಗಾರನಿಗೂ ಆಕೆಗೂ ಮುಖಪರಿಚಯವಿರುವಲ್ಲಿ, ಫಲಕದ ವೇಳೆ ಮೀರಿದ ಮೇಲೆ ಒಳಗೆ ಹೋಗಿ ಒಂದು ಹೊರೆ ತರುತ್ತಾಳೆ.